ಐದು ಸಾವಿರ ರೂಪಾಯಿಯಲ್ಲಿ ಕಾದಂಬರಿ ಓದಿಸುವುದು ಹೇಗೆ?

ಪ್ರಶ್ನೆ: ನಾನು ಗಂಗಾವತಿ ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ಶಿಕ್ಷಕಿ. ವಯಸ್ಸು 42. ಅಕ್ಕಿ ಗಿರಣಿ ನಡೆಸುವ ಒಂದು ಮನೆತನದ ಮೂರು ತಲೆಮಾರಿನ ಕಥೆಯನ್ನು ಕಾದಂಬರಿಯಾಗಿ ಬರೆದಿದ್ದೇನೆ. ಸುಮಾರು 60 ಸಾವಿರ ಪದ ಆಗಿದೆ. ಇದೇ ನನ್ನ ಮೊದಲ ಪುಸ್ತಕ. ಮನೆಯವರೂ ಸಹೋದ್ಯೋಗಿಗಳೂ ಓದಿ ‘ಚೆನ್ನಾಗಿದೆ’ ಅಂದರು, ಅಷ್ಟೇ. ಒಬ್ಬ ಹಿರಿಯ ಸಾಹಿತಿಗೆ ಕೊಟ್ಟು ಎಂಟು ತಿಂಗಳಾಯಿತು, ಸುದ್ದಿಯಿಲ್ಲ. ಬೆಂಗಳೂರಿನ ಎಡಿಟರ್ ಒಬ್ಬರು 40 ಸಾವಿರ ಕೇಳಿದರು. ನನ್ನಿಂದ ಆಗುವುದು ಹೆಚ್ಚೆಂದರೆ 5 ಸಾವಿರ. ಇಷ್ಟರಲ್ಲಿ ನಿಜವಾದ ಅಭಿಪ್ರಾಯ ಸಿಗುತ್ತದಾ? ಕೊಟ್ಟವರು ಕಥೆ ಕದ್ದರೆ ಅನ್ನುವ ಭಯವೂ ಇದೆ.

ಉತ್ತರ: ಸಿಗುತ್ತದೆ. ಐದು ಸಾವಿರ ಸಾಕಾಗುತ್ತದೆ. ಆದರೆ ನೀವು ಹುಡುಕುತ್ತಿರುವುದು ‘ಅಭಿಪ್ರಾಯ’ ಆಗಿದ್ದರೆ ಅದು ಪುಕ್ಕಟೆ ಸಿಕ್ಕರೂ ದಂಡ. ಈಗ ನಿಮಗೆ ತಿಳಿಯಬೇಕಾದ್ದು ಒಂದೇ: ನಿಮ್ಮ ಪರಿಚಯವಿಲ್ಲದ ಒಬ್ಬ ಓದುಗ ಈ ಪುಸ್ತಕ ಹಿಡಿದರೆ ಎಲ್ಲಿ ನಿಲ್ಲುತ್ತಾನೆ, ಎಲ್ಲಿ ಗೊಂದಲಕ್ಕೆ ಬೀಳುತ್ತಾನೆ, ಎಲ್ಲಿ ಊಟಕ್ಕೆ ಕರೆದರೂ ಏಳುವುದಿಲ್ಲ. ಅದನ್ನು ಹೇಳಲು ದೊಡ್ಡ ಸಾಹಿತಿ ಬೇಕಿಲ್ಲ, ಎಡಿಟರೂ ಬೇಕಿಲ್ಲ. ಸರಿಯಾದ ನಾಲ್ಕೈದು ಜನ ಓದಬೇಕು, ನೀವು ಸರಿಯಾದ ಪ್ರಶ್ನೆ ಕೇಳಬೇಕು.

ಮೊದಲು ಆ 40 ಸಾವಿರದ ವಿಷಯ. ಅವರು ಕೇಳಿದ್ದು ಮೋಸ ಎಂದು ಹೇಳಲಾರೆ. 60 ಸಾವಿರ ಪದ ಅಂದರೆ ಕಾದಂಬರಿಗಳ ಮಾಮೂಲಿ ಡೆಮಿ ಅಳತೆಯಲ್ಲಿ 250 ಪುಟದ ಮೇಲಾಗುತ್ತದೆ. ಸುಮ್ನೆ ಓದಲಿಕ್ಕೇ ಎಂಟು–ಹತ್ತು ಗಂಟೆ ಬೇಕು. ಸಾಲು ಸಾಲು ಹಿಡಿದು ತಿದ್ದುವವರಿಗೆ ಅದು ವಾರಗಟ್ಟಲೆ ಕೆಲಸ. ಹಾಗಾಗಿ ಆ ದುಡ್ಡಿಗೆ ಅರ್ಥವಿದೆ. ಆದರೆ ಸಾಲು ತಿದ್ದಿಸುವ ಹಂತಕ್ಕೆ ನೀವು ಇನ್ನೂ ಬಂದಿಲ್ಲ. ನಾಳೆ ಯಾರೋ ಓದಿ ‘ಎರಡನೇ ತಲೆಮಾರಿನ ಕಥೆಯೇ ಬೇಡ, ಮೊಮ್ಮಗಳಿಂದ ಶುರುಮಾಡಿ’ ಅಂದು, ನಿಮಗೂ ಅದು ಸರಿ ಅನ್ನಿಸಿದರೆ 80 ಪುಟ ಕಸದ ಬುಟ್ಟಿಗೆ ಹೋಗುತ್ತದೆ. ದುಡ್ಡು ಕೊಟ್ಟು ತಿದ್ದಿಸಿದ 80 ಪುಟ.

ನಮ್ಮಲ್ಲಿ ‘ಸ್ವಲ್ಪ ನೋಡಿಕೊಡಿ’ ಅನ್ನುವ ಒಂದೇ ಮಾತಿನಲ್ಲಿ ನಾಲ್ಕು ಬೇರೆ ಬೇರೆ ಕೆಲಸ ಸೇರಿಕೊಂಡಿವೆ. ಓದಿ ಅನಿಸಿದ್ದನ್ನು ಹೇಳುವುದು ಒಂದು. ಕಥೆಯ ಕಟ್ಟಡ ನೋಡಿ, ಎಲ್ಲಿ ಕಡಿಯಬೇಕು ಎಲ್ಲಿ ಬೆಳೆಸಬೇಕು ಎಂದು ಹೇಳುವ ಎಡಿಟಿಂಗ್ ಇನ್ನೊಂದು. ಕಾಗುಣಿತ, ಒತ್ತಕ್ಷರ, ವಾಕ್ಯದ ತಪ್ಪು ನೋಡುವ ಕರಡು ತಿದ್ದುವ ಕೆಲಸ ಮೂರನೆಯದು. ನಾಲ್ಕನೆಯದು ಮುನ್ನುಡಿ. ಹಿರಿಯರಿಗೆ ಹಸ್ತಪ್ರತಿ ಕೊಟ್ಟಾಗ ಅವರು ಅದನ್ನು ಮುನ್ನುಡಿಯ ಕೋರಿಕೆ ಎಂದೇ ತಿಳಿಯುವುದು ಜಾಸ್ತಿ. ಮುನ್ನುಡಿ ಬರೆಯುವವರು ಪುಸ್ತಕದಲ್ಲಿ ಒಳ್ಳೆಯದನ್ನು ಹುಡುಕುತ್ತಾರೆ, ಅದೇ ಅದರ ರಿವಾಜು. ಅಷ್ಟು ಹೊತ್ತಿಗೆ ಡಿಟಿಪಿ ಆಗಿರುತ್ತದೆ, ಪುಟ ಕಟ್ಟಿರುತ್ತದೆ. 140ನೇ ಪುಟದಿಂದ ಬೇಜಾರಾಯಿತು ಎಂದು ಆಗ ಹೇಳಿ ಯಾರಿಗೆ ಏನು ಲಾಭ? ನಿಮಗೆ ಈಗ ಬೇಕಾಗಿರುವುದು ಮೊದಲನೆಯದು ಮಾತ್ರ, ಮತ್ತು ಆಮೇಲೆ ಎರಡನೆಯದರ ಒಂದು ತುಣುಕು.

ಕೊಡುವ ಮುಂಚೆ ಒಂದು ತಿಂಗಳು ಹಸ್ತಪ್ರತಿ ಮುಟ್ಟಬೇಡಿ. ಆಮೇಲೆ ಇಡೀ ಕಾದಂಬರಿಯನ್ನು ಗಟ್ಟಿಯಾಗಿ ಓದಿ. ಗಂಟಲು ನೋಯುತ್ತದೆ ಅನ್ನಿಸಿದರೆ ಮೊಬೈಲಿಗೇ ಓದಲು ಬಿಡಿ, ಈಗಿನ ಆಂಡ್ರಾಯ್ಡ್ ಫೋನುಗಳು ಕನ್ನಡವನ್ನು ಓದಿ ಹೇಳುತ್ತವೆ. ಅದರ ದನಿ ನೀರಸವಾಗಿರುತ್ತದೆ, ಅದೇ ಉಪಯೋಗ. ನಿಮ್ಮ ಭಾವ ಬೆರೆಸದೆ ಓದಿದಾಗ ಎಲ್ಲಿ ವಾಕ್ಯ ಉದ್ದ, ಎಲ್ಲಿ ಒಂದೇ ಪದ ನಾಲ್ಕು ಸಲ ಬಂದಿದೆ ಅನ್ನುವುದು ಕಿವಿಗೆ ಬಡಿಯುತ್ತದೆ. ನಿಮ್ಮ ಕೈಲೇ ಸರಿಯಾಗುವುದನ್ನೆಲ್ಲ ಇಲ್ಲೇ ಸರಿಮಾಡಿ. ಓದುವವರ ಎಂಟು ಗಂಟೆಯನ್ನು ಕಾಗುಣಿತಕ್ಕೆ ಖರ್ಚು ಮಾಡಿಸಬಾರದು.

ಇನ್ನೊಂದು ಚಿಕ್ಕ ವಿಷಯ. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಯೂನಿಕೋಡ್‌ಗೆ ಬದಲಾಯಿಸಿ, ಪಿಡಿಎಫ್ ಮಾಡಿ ಕಳಿಸಿ. ಇಲ್ಲದಿದ್ದರೆ ಅವರ ಮೊಬೈಲಿನಲ್ಲಿ ಬರೀ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ ಕಾಣುತ್ತದೆ. ‘ಓಪನ್ ಆಗಲಿಲ್ಲ’ ಎಂದು ಹೇಳುವುದಕ್ಕೂ ಸಂಕೋಚಪಟ್ಟು ತಿಂಗಳುಗಟ್ಟಲೆ ಸುಮ್ಮನಿದ್ದುಬಿಡುವವರನ್ನು ನಾನು ಕಂಡಿದ್ದೇನೆ. ನನ್ನನ್ನು ಕೇಳಿದರೆ ಕಾಗದದ ಪ್ರತಿಯೇ ಮೇಲು. ಎ4 ಹಾಳೆಯಲ್ಲಿ ನಿಮ್ಮದು 160 ಪುಟದ ಆಸುಪಾಸು ಬರುತ್ತದೆ. ಪುಟಕ್ಕೆ ಒಂದು ರೂಪಾಯಿ ಎಂದು ಹಿಡಿದು, ಸ್ಪೈರಲ್ ಬೈಂಡಿಂಗ್ ಸೇರಿಸಿದರೂ ಒಂದು ಪ್ರತಿಗೆ 220–250 ರೂಪಾಯಿ ದಾಟದು. ಅಂಚಿನಲ್ಲಿ ಎರಡು ಬೆರಳು ಅಗಲ ಖಾಲಿ ಬಿಡಿ, ಪೆನ್ಸಿಲ್ ಗುರುತಿಗೆ.

ಈಗ ಯಾರಿಗೆ ಕೊಡಬೇಕು ಅನ್ನುವುದು. ಮನೆಯವರು ಮುಗಿಯಿತು, ಅವರನ್ನು ಬಿಡಿ. ಸಹೋದ್ಯೋಗಿಗಳನ್ನೂ ಬಿಡಿ. ನಾಳೆ ಬೆಳಿಗ್ಗೆ ಅದೇ ಸ್ಟಾಫ್ ರೂಮಿನಲ್ಲಿ ಎದುರುಬದುರು ಕೂರಬೇಕಾದವರು ‘ನಿಮ್ಮ ನಾಯಕಿ ಸತ್ತಾಗ ನನಗೇನೂ ಅನ್ನಿಸಲಿಲ್ಲ’ ಎಂದು ಹೇಳುವುದಿಲ್ಲ. ಹೇಳಲೂಬಾರದು, ಪಾಪ. ಬರೆಯುವವರೇ ಆಗಬೇಕೆಂದೂ ಇಲ್ಲ. ವರ್ಷಕ್ಕೆ ಹತ್ತು ಕಾದಂಬರಿ ಓದುವ ಬ್ಯಾಂಕ್ ಕ್ಯಾಷಿಯರ್, ಲೈಬ್ರರಿಯಲ್ಲಿ ಪ್ರತಿ ಶನಿವಾರ ಕಾಣುವ ನಿವೃತ್ತ ಪೋಸ್ಟ್ ಮಾಸ್ಟರ್ ಇಂಥವರು ಬಂಗಾರ. ಅವರಿಗೆ ನಿಮ್ಮನ್ನು ಮೆಚ್ಚಿಸುವ ಹಂಗಿಲ್ಲ, ತಮ್ಮ ಜಾಣತನ ತೋರಿಸುವ ಚಪಲವೂ ಕಡಿಮೆ.

ನಿಮ್ಮ ಕಾದಂಬರಿಯ ಮಾತುಗಳು ನಿಮ್ಮ ಕಡೆಯ ಕನ್ನಡದಲ್ಲೇ ಇರುತ್ತವೆ ಎಂದು ಊಹಿಸುತ್ತೇನೆ. ಹಾಗಿದ್ದರೆ ಒಬ್ಬ ಓದುಗರು ಅದೇ ಸೀಮೆಯವರಿರಲಿ, ಇನ್ನೊಬ್ಬರು ದೂರದವರಿರಲಿ: ಮಂಗಳೂರೋ ಚಾಮರಾಜನಗರವೋ. ಊರಿನವರು ‘ಈ ಮುದುಕಿ ಹಿಂಗ ಮಾತಾಡಂಗಿಲ್ಲ’ ಎಂದು ಹಿಡಿಯುತ್ತಾರೆ. ದೂರದವರು ಯಾವ ಸಾಲಿನಲ್ಲಿ ಅರ್ಥವೇ ಆಗದೆ ನಿಂತರು ಅನ್ನುವುದನ್ನು ಹೇಳುತ್ತಾರೆ. ಒಂದು ಪದ ತಿಳಿಯದಿದ್ದರೆ ಪರವಾಗಿಲ್ಲ, ಸಂದರ್ಭದಿಂದ ಹೊಳೆಯುತ್ತದೆ. ಇಡೀ ಜಗಳವೇ ತಿಳಿಯದಿದ್ದರೆ ಅಲ್ಲಿ ಕೆಲಸವಿದೆ. ಈ ಇಬ್ಬರಲ್ಲಿ ಒಬ್ಬರನ್ನು ಮಾತ್ರ ಕೇಳಿದರೆ ಕೆಡುತ್ತದೆ. ದೂರದವರ ಮಾತು ಕೇಳಿ ಎಲ್ಲವನ್ನೂ ಪುಸ್ತಕದ ಕನ್ನಡಕ್ಕೆ ತಿರುಗಿಸಿ, ಇದ್ದ ಜೀವವನ್ನೂ ಕಳೆದುಕೊಂಡ ಹಸ್ತಪ್ರತಿಗಳು ನನ್ನ ಮೇಜಿಗೆ ಬಂದಿವೆ.

ಮೂರನೆಯ ಓದುಗರು ವಿಷಯ ಬಲ್ಲವರು. ಇವರಿಗೆ ಇಡೀ ಪುಸ್ತಕ ಕೊಡಬೇಡಿ. ಗಿರಣಿಯ ಅಧ್ಯಾಯಗಳನ್ನು ಮಾತ್ರ ಅಲ್ಲಿ ದುಡಿದ ಹಳೆಯ ಗುಮಾಸ್ತರೊಬ್ಬರಿಗೆ ಓದಿ ಹೇಳಿ. ಹಮಾಲರಿಗೂ ಓದಿ ಹೇಳಿ. ಹೌದು, ಓದಿ ಹೇಳಿ, ಚಹಾ ಕುಡಿಯುತ್ತಾ. ಭತ್ತದ ಚೀಲ ಯಾರ ಬೆನ್ನಿಗೆ ಯಾರು ಏರಿಸುತ್ತಾರೆ, ತೌಡು ಯಾರ ಪಾಲಿಗೆ ಹೋಗುತ್ತದೆ, ಲೆವಿ ಅಕ್ಕಿಯ (ಗಿರಣಿಗಳು ಸರ್ಕಾರಕ್ಕೆ ಕಡ್ಡಾಯವಾಗಿ ಕೊಡಬೇಕಿದ್ದ ಪಾಲು) ಕಾಲದಲ್ಲಿ ಲೆಕ್ಕ ಹೇಗೆ ಬರೆಯುತ್ತಿದ್ದರು ಇವೆಲ್ಲ ಯಾವ ಎಡಿಟರಿಗೂ ಗೊತ್ತಿರುವುದಿಲ್ಲ. ಕಾಲದ ಲೆಕ್ಕವನ್ನೂ ನೋಡಿಕೊಳ್ಳಿ. ಮೂರು ತಲೆಮಾರು ಅಂದಿರಿ. ತುಂಗಭದ್ರಾ ಅಣೆಕಟ್ಟು ಮುಗಿದದ್ದು 1953ರಲ್ಲಿ. ನಿಮ್ಮ ಕಾದಂಬರಿಯ ಅಜ್ಜ 1947ರಲ್ಲೇ ಆ ಅಣೆಕಟ್ಟಿನ ಕಾಲುವೆ ನೀರಿನ ಭತ್ತವನ್ನು ಗಿರಣಿಗೆ ಹಾಕಿಸಿದ್ದರೆ ನಿಮ್ಮೂರಿನ ಯಾವ ರೈತನೂ ನಗುತ್ತಾನೆ. ಆಗ ಗಂಗಾವತಿ ಇದ್ದದ್ದು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ, ಕಚೇರಿಯ ಕಾಗದ ಪತ್ರ ಉರ್ದುವಿನಲ್ಲಿ. ಅಜ್ಜನಿಗೆ ತಹಶೀಲ್ದಾರರಿಂದ ಕನ್ನಡದಲ್ಲಿ ನೋಟಿಸು ಬಂದಿದ್ದರೆ ಅದೂ ಎಡವಟ್ಟು. ಇಂಥದ್ದನ್ನು ಹಿರಿಯರ ಜೊತೆ ಒಂದು ಮಧ್ಯಾಹ್ನ ಕೂತರೆ ಹಿಡಿಯಬಹುದು, ಪೈಸೆ ಖರ್ಚಿಲ್ಲ.

ನಿಮಗೆ ಇನ್ನೊಂದು ಅನುಕೂಲವಿದೆ. ಹೊಳೆ ದಾಟಿದರೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ. ಅಲ್ಲಿ ಕನ್ನಡ ಸಾಹಿತ್ಯದಲ್ಲಿ ಸಂಶೋಧನೆ ಮಾಡುವ ಹುಡುಗ ಹುಡುಗಿಯರು ಓದುವುದರಲ್ಲಿ ಪಳಗಿದವರು, ಕೈಯಲ್ಲಿ ದುಡ್ಡು ಮಾತ್ರ ಇರುವುದಿಲ್ಲ. ಪರಿಚಯದ ಅಧ್ಯಾಪಕರ ಮೂಲಕ ಒಬ್ಬರನ್ನು ಕೇಳಿ, ಸಾವಿರ ರೂಪಾಯಿ ಗೌರವಧನ ಕೊಡಿ. ಒಂದೇ ಎಚ್ಚರ: ಅವರು ಓದಿದ್ದನ್ನು ಸೆಮಿನಾರಿನ ಭಾಷೆಯಲ್ಲಿ ಹೇಳಲು ಹೊರಡಬಹುದು. ‘ಊಳಿಗಮಾನ್ಯ ವ್ಯವಸ್ಥೆಯ ಬಿಕ್ಕಟ್ಟು’ ನಿಮಗೆ ಬೇಡ. ‘ಆರನೇ ಅಧ್ಯಾಯದಲ್ಲಿ ಇಬ್ಬರು ಶರಣಪ್ಪಂದಿರು, ಯಾರು ಯಾರೋ ತಿಳಿಯಲಿಲ್ಲ’ ಅನ್ನುವುದು ಬೇಕು. ಮೊದಲೇ ಹೇಳಿಬಿಡಿ.

ಒಂದೇ ಸಲ ಐದು ಜನಕ್ಕೂ ಹಂಚಬೇಡಿ. ಮೊದಲು ಇಬ್ಬರಿಗೆ. ಅವರು ಹೇಳಿದ್ದನ್ನು ಕೇಳಿ ತಿದ್ದಿದ ಮೇಲೆ ಉಳಿದವರಿಗೆ. ಮೊದಲ ಸಲ ಓದುವ ಕಣ್ಣು ಒಬ್ಬ ಓದುಗರಿಗೆ ಒಮ್ಮೆ ಮಾತ್ರ ಇರುತ್ತದೆ. ಎರಡನೇ ಸಲ ಓದುವಾಗ ಅವರಿಗೆ ಕಥೆ ಗೊತ್ತು, ಗೊಂದಲ ಆಗುವುದೇ ಇಲ್ಲ.

ಕೇಳುವ ಬಗೆಯ ಮೇಲೆ ಎಲ್ಲವೂ ನಿಂತಿದೆ. ‘ಓದಿ ಹೇಗಿದೆ ಹೇಳಿ’ ಅಂದರೆ ‘ಚೆನ್ನಾಗಿದೆ ರೀ, ಮುಂದುವರಿಸಿ’ ಬರುತ್ತದೆ. ನಮ್ಮ ಜನ ಮುಖಕ್ಕೆ ಹೊಡೆದಂತೆ ಹೇಳುವುದಿಲ್ಲ. ಹಾಗೆ ಹೇಳುವವರು ಸಿಕ್ಕರೂ ‘ಭಾಷೆ ಇನ್ನೂ ಸ್ವಲ್ಪ ಬಿಗಿಯಾಗಬೇಕಿತ್ತು’ ಅನ್ನುತ್ತಾರೆ, ಅದರಿಂದ ನೀವು ಏನು ಮಾಡಬೇಕು ಎಂದು ದೇವರಿಗೇ ಗೊತ್ತು. ಅದಕ್ಕೇ ತೀರ್ಪು ಕೇಳಬೇಡಿ. ಪೆನ್ಸಿಲ್ ಕೊಟ್ಟು ಮೂರೇ ಗುರುತು ಹಾಕಲು ಹೇಳಿ. ಬೇಜಾರಾದಲ್ಲಿ ಒಂದು ಅಡ್ಡ ಗೆರೆ. ಅರ್ಥವಾಗದಲ್ಲಿ ಪ್ರಶ್ನೆ ಚಿಹ್ನೆ. ಖುಷಿಯಾದಲ್ಲಿ ಒಂದು ಸರಿ ಗುರುತು. ಓದು ನಿಲ್ಲಿಸಿ ಪುಸ್ತಕ ಕೆಳಗಿಟ್ಟಾಗೆಲ್ಲ ಆ ದಿನದ ತಾರೀಖು ಬರೆಯಲಿ. ಕಾರಣ ಬರೆಯುವುದೇ ಬೇಡ. ಕಾಗುಣಿತ ತಿದ್ದುವುದೂ ಬೇಡ, ಅದು ಶುರುವಾಯಿತೆಂದರೆ ಅವರು ಓದುಗರಾಗಿ ಉಳಿಯುವುದಿಲ್ಲ, ಪರೀಕ್ಷೆಯ ಪೇಪರ್ ತಿದ್ದುವವರಾಗುತ್ತಾರೆ. ನೀವು ಮೇಷ್ಟ್ರು, ಇದನ್ನು ನಿಮಗೆ ನಾನು ವಿವರಿಸಬೇಕಿಲ್ಲ.

ಈ ತಾರೀಖು ಬಹಳ ಹೇಳುತ್ತದೆ. ಮೊದಲ 90 ಪುಟ ಎರಡು ದಿನದಲ್ಲಿ ಓಡಿ, 90ರಿಂದ 110ಕ್ಕೆ ಹನ್ನೆರಡು ದಿನ ಹಿಡಿದಿದ್ದರೆ ಆ ಇಪ್ಪತ್ತು ಪುಟದಲ್ಲಿ ಏನೋ ಆಗಿದೆ. ಅವರು ಬಾಯಲ್ಲಿ ‘ಪೂರ್ತಿ ಚೆನ್ನಾಗಿದೆ’ ಅಂದರೂ ತಾರೀಖು ಸುಳ್ಳು ಹೇಳುವುದಿಲ್ಲ. ಮಧ್ಯೆ ಮನೆಯಲ್ಲಿ ಮದುವೆ ಇತ್ತೋ ಎಂದು ಮಾತ್ರ ಕೇಳಿಕೊಳ್ಳಿ.

ಓದಿ ಮುಗಿಸಿದ ಮೂರ್ನಾಲ್ಕು ದಿನದ ನಂತರ ಫೋನ್ ಮಾಡಿ ಒಂದೇ ಮಾತು ಕೇಳಿ: ‘ನನ್ನ ಕಾದಂಬರಿಯ ಕಥೆ ನನಗೇ ಹೇಳಿ ನೋಡೋಣ’. ನನ್ನ ಅನುಭವದಲ್ಲಿ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಅವರು ಹೇಳುತ್ತಾ ಹೋಗಲಿ, ನೀವು ಬಾಯಿ ಬಿಡಬೇಡಿ. ಯಾವ ಪಾತ್ರದ ಹೆಸರು ಮರೆತಿದ್ದಾರೆ? ನೀವು ಅತ್ತು ಬರೆದ ಪ್ರಸಂಗವನ್ನು ಒಂದು ವಾಕ್ಯದಲ್ಲಿ ದಾಟಿಸಿದರಾ? ನೀವು ಸುಮ್ನೆ ಬರೆದುಹಾಕಿದ ತೂಕದ ಕಲ್ಲಿನ ಪ್ರಸಂಗವನ್ನು ಹತ್ತು ನಿಮಿಷ ಹೇಳಿದರಾ? ಯಾರ ಕಥೆ ಎಂದು ಹೇಳುತ್ತಿದ್ದಾರೆ? ನೀವು ಅಜ್ಜನ ಕಥೆ ಎಂದುಕೊಂಡಿದ್ದು ಅವರ ಬಾಯಲ್ಲಿ ಸೊಸೆಯ ಕಥೆಯಾಗಿ ಬಂದರೆ, ಪುಸ್ತಕ ನಿಮಗಿಂತ ಮುಂದೆ ಹೋಗಿದೆ ಎಂದೇ ಲೆಕ್ಕ. ಆಗ ಮೊದಲ ಅಧ್ಯಾಯವನ್ನು ಎಲ್ಲಿಂದ ಶುರುಮಾಡಬೇಕು ಅನ್ನುವುದು ತಾನಾಗಿ ಹೊಳೆಯಬಹುದು.

ಬರೆದು ಕಳಿಸಿ ಎಂದು ಒತ್ತಾಯ ಮಾಡಬೇಡಿ. ಬರೆಯಲು ಕೂತರೆ ಜನ ವಿಮರ್ಶಕರ ಟೋಪಿ ಹಾಕಿಕೊಳ್ಳುತ್ತಾರೆ. ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸಿ ಅನ್ನಿ. ‘ಆ... ಅಲ್ಲಿ ಏನೋ ಒಂಥರಾ ಆಯ್ತು, ಆ ಮದುವೆ ಪ್ರಕರಣ ಯಾಕೆ ಬಂತು ಗೊತ್ತಾಗ್ಲಿಲ್ಲ’ ಅನ್ನುವ ಆ ತಡವರಿಕೆಯಲ್ಲೇ ನಿಮಗೆ ಬೇಕಾದ್ದು ಇರುತ್ತದೆ. ಬರಹದಲ್ಲಿ ಅದು ‘ವಿವಾಹ ಪ್ರಸಂಗ ಸ್ವಲ್ಪ ದೀರ್ಘವಾಯಿತು’ ಎಂದಾಗಿ ಒಣಗಿಬಿಡುತ್ತದೆ.

ಕೇಳಿಸಿಕೊಳ್ಳುವಾಗ ಸಮರ್ಥನೆ ಬೇಡ. ‘ಇಲ್ಲ, ಅದು ಯಾಕೆ ಹಾಗೆ ಬರೆದೆ ಅಂದರೆ...’ ಅಂದ ಕೂಡಲೇ ಎದುರಿನವರು ಮಾತು ಬದಲಿಸುತ್ತಾರೆ. ಪುಸ್ತಕದಂಗಡಿಯಲ್ಲಿ ಪ್ರತಿಯೊಬ್ಬರ ಪಕ್ಕ ನಿಂತು ವಿವರಿಸಲು ನೀವು ಇರುವುದಿಲ್ಲ, ಅಲ್ವಾ? ಬರೆದುಕೊಳ್ಳಿ, ಧನ್ಯವಾದ ಹೇಳಿ, ಒಂದು ವಾರ ಸುಮ್ಮನಿರಿ.

ಆಮೇಲೆ ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಇಬ್ಬರು ಒಂದೇ ಜಾಗದಲ್ಲಿ ಎಡವಿದ್ದರೆ ಅಲ್ಲಿ ಖಂಡಿತ ಕಲ್ಲಿದೆ, ವಾದ ಬೇಡ. ಒಬ್ಬರೇ ಎಡವಿದ್ದರೆ ನಿಮಗೂ ಒಳಗೊಳಗೇ ಅನುಮಾನವಿತ್ತಾ ಎಂದು ಕೇಳಿಕೊಳ್ಳಿ, ಇದ್ದರೆ ತಿದ್ದಿ, ಇಲ್ಲದಿದ್ದರೆ ಬಿಡಿ. ಓದುಗರು ರೋಗದ ಜಾಗವನ್ನು ಸರಿಯಾಗಿ ತೋರಿಸುತ್ತಾರೆ, ಮದ್ದು ಮಾತ್ರ ಅವರದು ನಂಬುವಂತಿಲ್ಲ. ‘ಕೊನೆಯಲ್ಲಿ ಗಿರಣಿ ಮುಚ್ಚಬಾರದಿತ್ತು’ ಎಂದು ಮೂರು ಜನ ಹೇಳಿದರೆ ಗಿರಣಿ ತೆರೆಯಬೇಕು ಎಂದಲ್ಲ. ಮುಚ್ಚುವುದಕ್ಕೆ ಬೇಕಾದ ತಯಾರಿ ಹಿಂದಿನ ನಲವತ್ತು ಪುಟದಲ್ಲಿ ಆಗಿಲ್ಲ ಎಂದಿರಬಹುದು.

ಇನ್ನು ಸಂಸ್ಥೆಗಳ ದಾರಿ. ಕರ್ನಾಟಕ ಸಾಹಿತ್ಯ ಅಕಾಡೆಮಿ ಆಗಾಗ ಕಥೆ, ಕಾವ್ಯದ ಕಮ್ಮಟಗಳನ್ನು ನಡೆಸುತ್ತದೆ, ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತದೆ. ಹೆಗ್ಗೋಡಿನ ರಂಗ ಸಂಸ್ಥೆ ನೀನಾಸಂನ ಶಿಬಿರಗಳೂ ಇವೆ. ಇಲ್ಲಿ ಯಾರೂ ನಿಮ್ಮ ಇಡೀ ಕಾದಂಬರಿ ಓದುವುದಿಲ್ಲ, ಆ ಆಸೆ ಇಟ್ಟುಕೊಂಡು ಹೋಗಬೇಡಿ. ಅಲ್ಲಿ ಸಿಗುವುದು ನಿಮ್ಮಂತೆಯೇ ಮೊದಲ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಓಡಾಡುವ ಮೂರ್ನಾಲ್ಕು ಜನ. ಅವರ ನಂಬರ್ ತೆಗೆದುಕೊಳ್ಳಿ. ನೀವು ಅವರದನ್ನು ಓದಿ, ಅವರು ನಿಮ್ಮದನ್ನು ಓದಲಿ. ಇದು ನಮ್ಮಲ್ಲಿ ಹೊಸದೇನೂ ಅಲ್ಲ. 1920ರ ದಶಕದಲ್ಲಿ ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಸೇರಿದ ಗೆಳೆಯರ ಗುಂಪು ಇದ್ದದ್ದೇ ಹಾಗೆ. 1933ರಲ್ಲಿ ಜಿ.ಬಿ. ಜೋಶಿಯವರು ಶುರುಮಾಡಿದ ಮನೋಹರ ಗ್ರಂಥಮಾಲೆ ಪ್ರಕಾಶನದ ಮಹಡಿ ಕಚೇರಿ ‘ಅಟ್ಟ’ದಲ್ಲೂ ಬರೆಯುವವರು ಕೂತು ಹರಟಿದ್ದು, ಜಗಳವಾಡಿದ್ದು ಕನ್ನಡಕ್ಕೆ ಲಾಭವೇ ಆಯಿತು. ಇನ್ನೊಬ್ಬರ ಹಸ್ತಪ್ರತಿ ಓದಿ ‘ಇಲ್ಲಿ ಬೇಜಾರಾಯಿತು’ ಎಂದು ಗುರುತಿಸಲು ಕಲಿತರೆ ನಿಮ್ಮದರಲ್ಲೂ ಅದು ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಬದಲಿಗೆ ಓದುವುದನ್ನು ಸಾಲ ತೀರಿಸುವಂತೆ ಮಾಡಬೇಡಿ, ಲಾಭ ಅದರಲ್ಲೇ ಜಾಸ್ತಿ.

ಸ್ಪರ್ಧೆಗಳ ಬಗ್ಗೆ ಒಂದು ಮಾತು. ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆ ಎಲ್ಲರಿಗೂ ಗೊತ್ತು. ಛಂದ ಪುಸ್ತಕ ಪ್ರಕಾಶನದವರು ಹೊಸಬರ ಕಥಾಸಂಕಲನದ ಹಸ್ತಪ್ರತಿಗಳನ್ನು ಆಹ್ವಾನಿಸಿ ಬಹುಮಾನ ಕೊಟ್ಟು ಪ್ರಕಟಿಸುತ್ತಾ ಬಂದಿದ್ದಾರೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ, ಅದಕ್ಕೆ 35ರ ವಯೋಮಿತಿ ಇರುವುದರಿಂದ ನಿಮಗೆ ಬಾರದು, ಓದುತ್ತಿರುವ ಬೇರೆಯವರಿಗೆ ಬರಬಹುದು. ಇವೆಲ್ಲ ಒಳ್ಳೆಯ ದಾರಿಗಳೇ. ಆದರೆ ಇಲ್ಲಿ ಗೆದ್ದರೆ ಬಹುಮಾನ, ಸೋತರೆ ಮೌನ. ಯಾಕೆ ಬಿಟ್ಟರು ಎಂದು ಯಾರೂ ಬರೆದು ತಿಳಿಸುವುದಿಲ್ಲ, ಆ ಮೌನಕ್ಕೆ ಅರ್ಥ ಹಚ್ಚಲೂ ಹೋಗಬೇಡಿ. ಒಂದು ಉಪಾಯ ಮಾತ್ರ ನಿಮಗೆ ಒದಗಬಹುದು: ಕಾದಂಬರಿಯಿಂದ ತನ್ನ ಕಾಲ ಮೇಲೆ ನಿಲ್ಲುವ ಒಂದು ಪ್ರಸಂಗ ತೆಗೆದು, ಸಣ್ಣಕಥೆಯಾಗಿ ತಿದ್ದಿ, ಮಾಸಪತ್ರಿಕೆಗೋ ಸಾಪ್ತಾಹಿಕಕ್ಕೋ ಕಳಿಸಿ. ಪ್ರಕಟವಾದರೆ ಗುರುತಿಲ್ಲದವರು ಓದುತ್ತಾರೆ, ಪ್ರಕಾಶಕರಿಗೆ ಹೇಳಿಕೊಳ್ಳಲು ಒಂದು ಮಾತಾಗುತ್ತದೆ.

ಫೇಸ್‌ಬುಕ್‌ನಲ್ಲೋ ಪ್ರತಿಲಿಪಿ ಎಂಬ ಆ್ಯಪಿನಲ್ಲೋ ಇಡೀ ಕಾದಂಬರಿಯನ್ನು ಕಂತು ಕಂತಾಗಿ ಹಾಕುವ ಮುಂಚೆ ಯೋಚಿಸಿ. ಓದುಗರು ಸಿಗುತ್ತಾರೆ, ನಿಜ. ಆದರೆ ಹಲವು ಸ್ಪರ್ಧೆಗಳ ನಿಯಮದಲ್ಲಿ ‘ಸಾಮಾಜಿಕ ಜಾಲತಾಣದಲ್ಲೂ ಪ್ರಕಟವಾಗಿರಬಾರದು’ ಎಂದಿರುತ್ತದೆ. ಅಲ್ಲಿ ಬರುವ ‘ಸೂಪರ್ ಮೇಡಂ, ಮುಂದಿನ ಕಂತು ಯಾವಾಗ’ ಅನ್ನುವುದು ಉತ್ಸಾಹ ಕೊಡುತ್ತದೆ, ತಿದ್ದಲು ಏನೂ ಕೊಡುವುದಿಲ್ಲ.

ಕೃತಕ ಬುದ್ಧಿಮತ್ತೆಗೆ ಕೊಟ್ಟರೆ ಹೇಗೆ ಎಂದು ಈಗ ಎಲ್ಲರೂ ಕೇಳುತ್ತಾರೆ. ಪಾತ್ರಗಳ ವಯಸ್ಸು, ಇಸವಿ, ಯಾರು ಯಾರಿಗೆ ಏನಾಗಬೇಕು ಅನ್ನುವ ಪಟ್ಟಿ ಮಾಡಿಸಲು ಬಳಸಿ, ಆಮೇಲೆ ಕೈಯಾರೆ ಪರೀಕ್ಷಿಸಿ. ‘ಹೇಗಿದೆ’ ಎಂದು ಕೇಳಿದರೆ ಅದೂ ನಿಮ್ಮ ಸಹೋದ್ಯೋಗಿಗಳಂತೆ ಹೊಗಳುತ್ತದೆ. ತಿದ್ದಿಸಲು ಮಾತ್ರ ಕೊಡಬೇಡಿ. ‘ಬರ್ತಾನ್ರಿ’, ‘ಹೋಗ್ಯಾನ’ ಎಲ್ಲವನ್ನೂ ತೊಳೆದು ‘ಬರುತ್ತಾನೆ’, ‘ಹೋಗಿದ್ದಾನೆ’ ಮಾಡಿಟ್ಟುಬಿಡಬಹುದು.

ಕಳ್ಳತನದ ಭಯಕ್ಕೆ ಬರೋಣ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೀವು ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯವಲ್ಲ. ಬೇಕೆನಿಸಿದರೆ ಸಾಹಿತ್ಯ ಕೃತಿಯ ನೋಂದಣಿಗೆ ಶುಲ್ಕ 500 ರೂಪಾಯಿ. ಈ ಹಂತದಲ್ಲಿ ಅದು ಬೇಡ ಅನ್ನುತ್ತೇನೆ, ಇನ್ನೂ ಅರ್ಧ ಪುಸ್ತಕ ಬದಲಾಗಲಿದೆ. ಹಸ್ತಪ್ರತಿಯನ್ನು ನಿಮ್ಮದೇ ಇಮೇಲಿಗೆ ಕಳಿಸಿಕೊಂಡಿರಿ, ತಾರೀಖಿನ ಒಂದು ಗುರುತು ಉಳಿಯುತ್ತದೆ. ಒಂದು ಸತ್ಯ ಗೊತ್ತಿರಲಿ: ಕಾನೂನು ಕಾಯುವುದು ಬರೆದ ರೂಪವನ್ನು, ಬರೀ ಹೊಳಹನ್ನಲ್ಲ. 1978ರ ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ‘ಗಿರಣಿ ಮನೆತನದ ಮೂರು ತಲೆಮಾರು’ ಅನ್ನುವ ವಸ್ತು ಯಾರ ಸೊತ್ತೂ ಅಲ್ಲ. ಹಾಗೆಂದು ಹೆದರಬೇಡಿ. ನಿಮ್ಮ 60 ಸಾವಿರ ಪದ ಕದ್ದು ತನ್ನ ಹೆಸರಲ್ಲಿ ಅಚ್ಚು ಹಾಕಿಸಿ ಸಾವಿರ ಪ್ರತಿ ಮಾರುವ ಕಷ್ಟ ಕನ್ನಡದಲ್ಲಿ ಯಾರಿಗೆ ಬೇಕಾಗಿದೆ? ಇಲ್ಲಿ ಸ್ವಂತ ಪುಸ್ತಕ ಮಾರುವುದೇ ಸಾಕು ಸಾಕಾಗುತ್ತದೆ.

ಇದೆಲ್ಲ ಆಗಿ, ಎರಡು ಸುತ್ತು ತಿದ್ದಿದ ಮೇಲೆ ದುಡ್ಡು ತೆಗೆಯಿರಿ. ಅದೇ ಬೆಂಗಳೂರಿನ ಎಡಿಟರನ್ನೋ ಇನ್ನೊಬ್ಬರನ್ನೋ ಹೀಗೆ ಕೇಳಿ: ‘ಎರಡು ಪುಟದಲ್ಲಿ ಇಡೀ ಕಥೆಯ ಸಾರ ಬರೆದಿದ್ದೇನೆ. ಜೊತೆಗೆ ಮೊದಲ 40 ಪುಟ ಇದೆ. ಇಷ್ಟನ್ನು ಓದಿ ಒಂದು ಗಂಟೆ ಫೋನಿನಲ್ಲಿ ಮಾತಾಡಲು ಎಷ್ಟಾಗುತ್ತದೆ?’ ಎರಡೂವರೆ–ಮೂರು ಸಾವಿರಕ್ಕೆ ಒಪ್ಪುವವರು ಸಿಗುತ್ತಾರೆ, ಹುಡುಕಬೇಕಷ್ಟೆ. ಒಬ್ಬ ಬರಹಗಾರರ ಕೈಗುಣ ಮೊದಲ 40 ಪುಟದಲ್ಲಿ ಕಂಡುಬಿಡುತ್ತದೆ. ಅಲ್ಲಿ ಮಾಡಿದ ತಪ್ಪುಗಳನ್ನೇ ಉಳಿದ 200 ಪುಟದಲ್ಲೂ ಮಾಡಿರುತ್ತೀರಿ. ತೋರಿಸಿಕೊಟ್ಟರೆ ಉಳಿದದ್ದನ್ನು ನೀವೇ ತಿದ್ದಬಹುದು. ಅವರು ಹಿಂದೆ ಕೆಲಸ ಮಾಡಿದ ಎರಡು ಪುಸ್ತಕದ ಹೆಸರು ಕೇಳಿ, ಲೈಬ್ರರಿಯಲ್ಲಿ ತೆಗೆದು ನೋಡಿ. ಕೇಳಲು ನಾಚಿಕೆ ಬೇಡ. ಹೆಸರು ಹೇಳಲು ಹಿಂಜರಿದರೆ ಅಲ್ಲಿಗೆ ಬಿಡಿ.

ಲೆಕ್ಕ ಹೀಗಾಗುತ್ತದೆ. ನಾಲ್ಕು ಪ್ರತಿ ಝೆರಾಕ್ಸ್, ಬೈಂಡಿಂಗ್ ಒಂದು ಸಾವಿರ. ಸಂಶೋಧನಾ ವಿದ್ಯಾರ್ಥಿಗೆ ಒಂದು ಸಾವಿರ. ಎಡಿಟರಿಗೆ ಎರಡೂವರೆ ಸಾವಿರ. ಉಳಿದ ಐನೂರು ಸ್ಪೀಡ್ ಪೋಸ್ಟ್‌ಗೆ, ಗುಮಾಸ್ತರ ಚಹಾಕ್ಕೆ. ಕರಡು ತಿದ್ದುವ ಖರ್ಚನ್ನು ಇದರಲ್ಲಿ ಸೇರಿಸಿಲ್ಲ. ಅದು ಅಚ್ಚಿಗೆ ಹೋಗುವಾಗಿನ ಮಾತು, ನ್ಯಾಯವಾಗಿ ಅದು ಪ್ರಕಾಶಕರ ಖರ್ಚು.

ಒಂದು ಬಲೆ ನೋಡಿಕೊಳ್ಳಿ. ಬರೆದವರಿಂದಲೇ ದುಡ್ಡು ಪಡೆದು ಅಚ್ಚು ಹಾಕುವ ಕೆಲವರು ‘ಉಚಿತವಾಗಿ ಓದಿ ಅಭಿಪ್ರಾಯ ಹೇಳುತ್ತೇವೆ’ ಅನ್ನುತ್ತಾರೆ. ವಾರದೊಳಗೆ ‘ಅದ್ಭುತ ಕೃತಿ, ಕೂಡಲೇ ಪ್ರಕಟಿಸೋಣ’ ಎಂದು ಉತ್ತರ ಬರುತ್ತದೆ. ಮುಂದಿನ ಸಾಲಿನಲ್ಲಿ ನೀವು ಎಷ್ಟು ಕೊಡಬೇಕು, ಎಷ್ಟು ಪ್ರತಿ ಕೊಳ್ಳಬೇಕು ಅನ್ನುವ ಲೆಕ್ಕ. ಸ್ವಂತ ದುಡ್ಡಿನಲ್ಲಿ ಪುಸ್ತಕ ತರುವುದು ತಪ್ಪಲ್ಲ, ಕನ್ನಡದಲ್ಲಿ ಎಷ್ಟೋ ಜನ ತಂದಿದ್ದಾರೆ. ಆದರೆ ಅಚ್ಚು ಹಾಕಿ ದುಡ್ಡು ಮಾಡುವವರ ಹೊಗಳಿಕೆಯನ್ನು ಓದುಗರ ಮಾತು ಎಂದು ತಿಳಿಯಬೇಡಿ.

ಉಳಿದದ್ದು ಆ ಹಿರಿಯ ಸಾಹಿತಿ. ಎಂಟು ತಿಂಗಳು ಅಂದರೆ ಅವರು ಓದಿಲ್ಲ. ಸಿಟ್ಟಾಗಬೇಡಿ, ಅವರ ಮನೆಯಲ್ಲಿ ಇಂಥ ಇಪ್ಪತ್ತು ಕಟ್ಟು ಇರಬಹುದು. ಒಂದು ಸಲ ಫೋನ್ ಮಾಡಿ, ‘ಸರ್, ಕಾದಂಬರಿಯನ್ನು ತುಂಬಾ ಬದಲಾಯಿಸುತ್ತಿದ್ದೇನೆ, ಆ ಪ್ರತಿ ಈಗ ಹಳೆಯದಾಯಿತು, ದಯವಿಟ್ಟು ಓದುವ ಶ್ರಮ ತೆಗೆದುಕೊಳ್ಳಬೇಡಿ’ ಅನ್ನಿ. ಅವರಿಗೂ ಹಗುರಾಗುತ್ತದೆ. ಹೊಸ ಪ್ರತಿ ಸಿದ್ಧವಾದ ಮೇಲೆ, ಬೇಕಿದ್ದರೆ, ಹದಿನೈದು ಪುಟದ ಒಂದೇ ಅಧ್ಯಾಯ ಕಳಿಸಿ. ಅದನ್ನು ಓದುತ್ತಾರೆ.